‘ಎಲ್ಲಾರೂ’ ಅಂದ್ರ ಎಷ್ಟು ಮಂದಿ?

‘ಎವ್ರಿಬಡಿ’ ಎಂಬ ಪದ, ಅದರ ಮುಂದೆ ಒಂದು ಗೆರೆ, ಗೆರೆಯ ಆಚೆ ‘ಕಮ್’. ಆಯ್ಕೆ ಎರಡೇ: ಹ್ಯಾಸ್ ಅಥವಾ ಹ್ಯಾವ್. ಈ ಪ್ರಶ್ನೆಗೆ ಮುಖ ಕೊಡದೆ ನಮ್ಮಲ್ಲಿ ಯಾರೂ ಪ್ರೌಢಶಾಲೆ ದಾಟಿರಲಿಕ್ಕಿಲ್ಲ. ‘ಈಚ್ ಆಫ್ ದ ಬಾಯ್ಸ್’, ‘ನೈದರ್ ಆಫ್ ದೆಮ್’, ‘ಎವ್ರಿ ವನ್ ಆಫ್ ಅಸ್’ ಎಂದು ವೇಷ ಬದಲಿಸಿಕೊಂಡು ಅದೇ ಪ್ರಶ್ನೆ ಪದವಿಯಲ್ಲಿ ಬರುತ್ತದೆ, ಬ್ಯಾಂಕಿನ ಪರೀಕ್ಷೆಯಲ್ಲಿ ಬರುತ್ತದೆ, ಕೊನೆಗೆ ಸಂದರ್ಶನದ ಕೋಣೆಯಲ್ಲಿ ಕೂತವರ ತುಟಿಯಂಚಿನ ನಗೆಯಾಗಿಯೂ ಬರುತ್ತದೆ.

ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ. ಉತ್ತರ ‘ಹ್ಯಾಸ್’. ಅದರ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ‘ಹ್ಯಾವ್’ ಎಂದು ಬರೆದವರ ಬಗ್ಗೆ ನಾವು ಕಟ್ಟಿಕೊಂಡಿರುವ ಕಥೆಯ ಮೇಲೆ. ಹಳ್ಳಿಯವರು, ಕನ್ನಡ ಮಾಧ್ಯಮದವರು, ಅದರಲ್ಲೂ ರಾಯಚೂರು-ಯಾದಗಿರಿ ಕಡೆಯವರು ‘ಗ್ರಾಮರ್ ಇಲ್ಲದವರು’ ಎಂಬುದು ಆ ಕಥೆ. ಅವರ ತಲೆಯಲ್ಲಿ ವ್ಯಾಕರಣದ ಜಾಗ ಖಾಲಿ ಬಿದ್ದಿದೆ, ಅಲ್ಲಿ ನಿಯಮ ತುಂಬಬೇಕು, ಎಷ್ಟು ತುಂಬಿದರೂ ತೂತು ಕೊಡದ ಹಾಗೆ ಸೋರಿಹೋಗುತ್ತದೆ ಎಂದು ಸ್ಟಾಫ್ ರೂಮುಗಳಲ್ಲಿ, ಕೋಚಿಂಗ್ ಸೆಂಟರುಗಳಲ್ಲಿ, ವಿಶ್ವವಿದ್ಯಾಲಯದ ಕ್ಯಾಂಟೀನುಗಳಲ್ಲಿ ಹಲವು ಬಗೆಯಾಗಿ ಕೇಳಿದ್ದೇನೆ. ನಾನು ಹೇಳುವುದು ಇದರ ವಿರುದ್ಧ. ‘ಹ್ಯಾವ್’ ಎಂದು ಬರೆಯುವ ಹುಡುಗಿ ಒಂದು ನಿಯಮವನ್ನು ತಪ್ಪದೆ ಪಾಲಿಸುತ್ತಿದ್ದಾಳೆ. ಅದು ಕನ್ನಡದ ನಿಯಮ. ಅವಳಿಗೆ ಇಂಗ್ಲಿಷ್ ಕಲಿಸುವವರಿಗೆ ಆ ನಿಯಮ ಗೊತ್ತಿಲ್ಲ ಅಥವಾ ಗೊತ್ತಿದ್ದರೂ ಅದನ್ನು ವ್ಯಾಕರಣವೆಂದು ಎಣಿಸುವುದಿಲ್ಲ.

ಇದೆಲ್ಲ ಬರೀ ಪಂಡಿತರ ಜಗಳ ಅನ್ನುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ಕೇಂದ್ರದ ಸಿಬ್ಬಂದಿ ಆಯ್ಕೆ ಆಯೋಗದ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ, 50 ಅಂಕ. ಒಂದು ತಪ್ಪಿಗೆ ಬರಬೇಕಾದ 2 ಅಂಕ ಹೋಗುವುದಲ್ಲದೆ ಗಳಿಸಿದ್ದರಲ್ಲೂ ಅರ್ಧ ಅಂಕ ಕಡಿತ. ವಾಕ್ಯದೊಳಗಿನ ತಪ್ಪು ಹುಡುಕುವ ಪ್ರಶ್ನೆಗಳಲ್ಲಿ ಈ ‘ಎವ್ರಿಬಡಿ’ ವರ್ಗದ್ದು ಹಳೇ ಗಿರಾಕಿ. 2023ರಲ್ಲಿ ಆಯೋಗ ತನ್ನ ಕೆಲವು ಪರೀಕ್ಷೆಗಳನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಲು ಅವಕಾಶ ಕೊಟ್ಟಿತು. ಒಳ್ಳೆಯ ಹೆಜ್ಜೆ. ಆದರೆ ಇಂಗ್ಲಿಷ್ ವಿಭಾಗ ಇಂಗ್ಲಿಷಿನಲ್ಲೇ ಇರುತ್ತದೆ, ಇರಬೇಕಾದದ್ದೇ. ಅರ್ಧ ಅಂಕದಲ್ಲಿ ಸಾವಿರಾರು ಜನ ಹಿಂದೆ ಮುಂದೆ ಆಗುವ ಕಡೆ, ಒಂದು ಸರ್ವನಾಮವನ್ನು ಮಕ್ಕಳಿಗೆ ಹೇಗೆ ತಿಳಿಸಿಕೊಟ್ಟಿದ್ದೇವೆ ಎಂಬುದು ಅನ್ನದ ಪ್ರಶ್ನೆ.

ನನ್ನೂರು ದೇವದುರ್ಗ ತಾಲ್ಲೂಕಿನ ಮಸರಕಲ್. ಹರಿದಾಸ ಸಾಹಿತ್ಯ ಓದಿದವರಿಗೆ ಅದು ಮೊಸರಕಲ್ಲು, 18ನೇ ಶತಮಾನದ ಗೋಪಾಲದಾಸರು ಹುಟ್ಟಿದ ಊರು. ಪಿಎಚ್‌ಡಿಗೆ ನಾನು ಎತ್ತಿಕೊಂಡಿರುವುದು ರಾಯಚೂರು ಸೀಮೆಯ ಆಡುಮಾತಿನಲ್ಲಿ ಕರ್ತೃವಿಗೂ ಕ್ರಿಯಾಪದಕ್ಕೂ ಇರುವ ಹೊಂದಾಣಿಕೆ. ಹಾಗಾಗಿ ಊರಿಗೆ ಹೋದಾಗ ಬೇರೆಯವರು ಸುದ್ದಿ ಕೇಳಿದರೆ ನಾನು ಕ್ರಿಯಾಪದದ ತುದಿ ಕೇಳುತ್ತಿರುತ್ತೇನೆ. ಹತ್ತಿ ಬಿಡಿಸುವ ಕಾಲದಲ್ಲಿ ಶಾಲೆಯ ಅರ್ಧ ಬೆಂಚು ಖಾಲಿ. ಎಲ್ಲಿ ಹೋದರು ಎಂದರೆ, “ಎಲ್ಲಾರೂ ಹತ್ತಿ ಬಿಡಿಸಾಕ ಹೋಗ್ಯಾರ” ಎಂಬ ಉತ್ತರ. ಅದನ್ನೇ ಇಂಗ್ಲಿಷಿನಲ್ಲಿ ಬರೆ ಎಂದರೆ ಮಕ್ಕಳು ಬರೆಯುವುದು ‘ಎವ್ರಿಬಡಿ ಹ್ಯಾವ್ ಗಾನ್’. ತಿದ್ದಿದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಅಕ್ಕಾ, ಎಲ್ಲಾರೂ ಅಂದ್ರ ಬಾಳ ಮಂದಿ ಅಲ್ಲೇನು? ಮತ್ತ ಒಬ್ರಿಗೆ ಹಾಕೋ ಹ್ಯಾಸ್ ಯಾಕ ಹಾಕ್ತಾರ?” ಇದೇ ಪ್ರಶ್ನೆಯನ್ನು ತರಗತಿಯಲ್ಲೂ ಕೇಳಿದ್ದಳಂತೆ. ‘ರೂಲ್ ಐತಿ, ಬಾಯಿಪಾಠ ಮಾಡು’ ಎಂಬ ಉತ್ತರ ಸಿಕ್ಕಿತ್ತು.

ಆ ಪ್ರಶ್ನೆ ಎಷ್ಟು ಒಳ್ಳೆಯದು ಎಂದು ತಿಳಿಯಬೇಕಾದರೆ ಕನ್ನಡ ಏನು ಮಾಡುತ್ತದೆ ಎಂದು ನೋಡಬೇಕು.

ಕನ್ನಡದಲ್ಲಿ ಪ್ರಶ್ನೆ ಕೇಳುವ ಪದವೇ ಅನಿರ್ದಿಷ್ಟ ಸರ್ವನಾಮದ ಬೇರು. ಯಾರು ಎಂಬುದಕ್ಕೆ ‘ಓ’ ಸೇರಿದರೆ ಯಾರೋ, ‘ಊ’ ಸೇರಿದರೆ ಯಾರೂ, ‘ಆದರೂ’ ಸೇರಿದರೆ ಯಾರಾದರೂ. ಏನು, ಎಲ್ಲಿ, ಯಾವಾಗ, ಎಷ್ಟು ಎಲ್ಲಕ್ಕೂ ಇದೇ ಅಚ್ಚು: ಏನೋ, ಎಲ್ಲೂ, ಯಾವಾಗಲಾದರೂ. ಇಂಗ್ಲಿಷಿನ ಸಮ್, ಎನಿ, ನೋ ಎಂಬ ಮೂರು ಸಾಲುಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಮೇಷ್ಟ್ರು ತಾವೇ ದಿನಕ್ಕೆ ನೂರು ಸಲ ಇದಕ್ಕಿಂತ ಅಚ್ಚುಕಟ್ಟಾದ ಪಟ್ಟಿಯನ್ನು ಬಳಸುತ್ತಾರೆ. ಜರ್ಮನಿಯ ಭಾಷಾವಿಜ್ಞಾನಿ ಮಾರ್ಟಿನ್ ಹ್ಯಾಸ್ಪೆಲ್ಮಾತ್ 1997ರಲ್ಲಿ ಅನಿರ್ದಿಷ್ಟ ಸರ್ವನಾಮಗಳ ಮೇಲೆಯೇ ಒಂದು ಪುಸ್ತಕ ಬರೆದರು. ಅವರು ಹತ್ತಿರದಿಂದ ನೋಡಿದ 40 ಭಾಷೆಗಳಲ್ಲಿ ಕನ್ನಡವೂ ಒಂದು. ಪ್ರಶ್ನಾಪದವೇ ಅನಿರ್ದಿಷ್ಟ ಪದವೂ ಆಗುವುದೇಕೆ ಎಂಬ ಒಗಟನ್ನು ಜಗತ್ತಿನ ಭಾಷೆಗಳ ನಡುವೆ ಇಟ್ಟು ಬಿಡಿಸಲು ಹೊರಟವರು ನಮ್ಮವರೇ ಆದ ಡಿ.ಎನ್. ಶಂಕರ ಭಟ್ಟರು. 2004ರಲ್ಲಿ ಆಕ್ಸ್‌ಫರ್ಡ್‌ನಿಂದ ಬಂದ ‘ಪ್ರೊನೌನ್ಸ್’ ಪುಸ್ತಕದಲ್ಲಿ ಅದರ ವಿಸ್ತಾರವಾದ ಚರ್ಚೆಯಿದೆ. ನಮ್ಮ ಶಾಲೆಯ ಕನ್ನಡ ವ್ಯಾಕರಣದಲ್ಲಿ ಮಾತ್ರ ಸರ್ವನಾಮವೆಂದರೆ ಸಾಮಾನ್ಯವಾಗಿ ಮೂರೇ ಬಗೆ: ಪುರುಷಾರ್ಥಕ, ಆತ್ಮಾರ್ಥಕ, ಪ್ರಶ್ನಾರ್ಥಕ. ಯಾರೋ, ಯಾರೂ, ಎಲ್ಲರೂ ಎಂಬವಕ್ಕೆ ಅಲ್ಲಿ ಖಾತೆಯೇ ಇಲ್ಲ. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಶಂಕರ ಭಟ್ಟರು ಪುಸ್ತಕದ ಹೆಸರಲ್ಲೇ ಕೂಗಿ ಹೇಳಿದರು. ನಾವು ಅವರ ಕಾಗುಣಿತದ ಮೇಲೆ ಜಗಳವಾಡಿ ಸುಮ್ಮನಾದೆವು. ಹೀಗಾಗಿ ಇಂಗ್ಲಿಷ್ ಮೇಷ್ಟ್ರನ್ನಷ್ಟೇ ಬೈದರೆ ಅನ್ಯಾಯವಾದೀತು. ಕನ್ನಡದ ಪೀರಿಯಡ್ಡಿನಲ್ಲಿ ಸಿಗದ ವಿಭಾಗ ಇಂಗ್ಲಿಷಿನ ಪೀರಿಯಡ್ಡಿನಲ್ಲಿ ಪರದೇಶದಿಂದ ಬಂದ ಸರಕಿನಂತೆ ಕಾಣುತ್ತದೆ.

ಇನ್ನು ಹೊಂದಾಣಿಕೆಗೆ ಬರೋಣ. ಹಳಗನ್ನಡದಲ್ಲಿ ಆವನ್, ಆವಳ್, ಆರ್ ಎಂದು ಮೂರು ರೂಪಗಳಿದ್ದವು. ಇಂದಿನ ಯಾವನು, ಯಾವಳು, ಯಾರು ಅವೇ. ಅಂದರೆ ‘ಯಾರು’ ಹುಟ್ಟಿನಿಂದಲೇ ಬಹುವಚನ. ಬಾಗಿಲು ಬಡಿದ ಸದ್ದು ಕೇಳಿದರೆ ನಾವು ‘ಯಾರೋ ಬಂದಾರ’ ಎನ್ನುತ್ತೇವೆ. ಹೊರಗಿರುವುದು ಒಬ್ಬನೇ ಇರಬಹುದು, ಒಬ್ಬಳೇ ಇರಬಹುದು. ಗಂಡೋ ಹೆಣ್ಣೋ, ಒಬ್ಬರೋ ಹಲವರೋ ಗೊತ್ತಿಲ್ಲದ ಮನುಷ್ಯರಿಗೆ ಕನ್ನಡ ಬಹುವಚನ ಕೊಡುತ್ತದೆ. ಇನ್ನೂ ಮುಂದೆ ಹೋಗಿ ‘ಒಂದು’ ಎಂಬ ಸಂಖ್ಯೆಯನ್ನೇ ಬಹುವಚನ ಮಾಡಿಬಿಡುತ್ತದೆ: ಒಬ್ಬ, ಒಬ್ಬಳು, ಒಬ್ಬರು. ‘ಒಬ್ಬರು ಬಂದಿದ್ದಾರೆ’ ಎಂಬ ವಾಕ್ಯದಲ್ಲಿ ಎಣಿಕೆ ಒಂದೇ, ಕ್ರಿಯಾಪದ ಬಹುವಚನ. ‘ಪ್ರತಿಯೊಬ್ಬರೂ ಬಂದಿದ್ದಾರೆ’ ಎಂಬುದೂ ಹಾಗೆಯೇ. ಈಗ ಕನ್ನಡದ ಹುಡುಗಿಗೆ ‘ಎವ್ರಿ’ ಎಂದರೆ ಪ್ರತಿ, ‘ವನ್’ ಎಂದರೆ ಒಂದು, ಆದ್ದರಿಂದ ಏಕವಚನ ಎಂದು ವಿವರಿಸಿ ನೋಡಿ. ಅವಳ ಭಾಷೆಯಲ್ಲಿ ‘ಪ್ರತಿ’ಯೂ ‘ಒಬ್ಬರು’ ಕೂಡ ಸೇರಿ ಬಹುವಚನವೇ ಆಗುವಾಗ ಆ ‘ಆದ್ದರಿಂದ’ ಎಲ್ಲಿಂದ ಬಂತು?

ನಿಷೇಧದ ವಾಕ್ಯಗಳಲ್ಲಿ ಕಥೆ ಇನ್ನೂ ಸ್ವಾರಸ್ಯವಾಗಿದೆ. ‘ಯಾರೂ ಬಂದಿಲ್ಲ’ ಎನ್ನುವಾಗ ಕ್ರಿಯಾಪದಕ್ಕೆ ವಚನವೇ ಇಲ್ಲ. ನಾನು ಬಂದಿಲ್ಲ, ಅವಳು ಬಂದಿಲ್ಲ, ಅವರು ಬಂದಿಲ್ಲ, ಎತ್ತು ಬಂದಿಲ್ಲ. ‘ಇಲ್ಲ’ ಯಾರಿಗೂ ಬಗ್ಗುವುದಿಲ್ಲ. (ಹಿಂದೆ ಹೀಗಿರಲಿಲ್ಲ. ವಚನಗಳಲ್ಲಿ ಬರುವ ಅರಿಯೆನು, ಅರಿಯರು ಎಂಬ ರೂಪಗಳು ನಿಷೇಧದಲ್ಲೂ ಹೊಂದಿಕೊಳ್ಳುತ್ತವೆ. ನಮ್ಮ ಕಡೆಯ ‘ನಾ ಒಲ್ಲೆ’ ಆ ಹಳೆಯ ಮನೆಯಿಂದ ಉಳಿದ ಒಂದು ಕಂಬ.) ಹಾಗಾಗಿ ‘ನೋಬಡಿ’ ಮುಂದೆ ಹ್ಯಾಸ್ ಹಾಕಬೇಕೋ ಹ್ಯಾವ್ ಹಾಕಬೇಕೋ ಎಂಬಲ್ಲಿ ಕನ್ನಡ ಯಾವ ಸುಳಿವನ್ನೂ ಕೊಡುವುದಿಲ್ಲ. ಮಗು ಊಹಿಸಲೇಬೇಕು. ‘ಎಲ್ಲಾರಿಗೂ ಗೊತ್ತೈತಿ’, ‘ಎಲ್ಲಾರಿಗೂ ಹಸಿವಾಗೈತಿ’ ಎನ್ನುವಾಗಲಂತೂ ಜನರು ಚತುರ್ಥಿ ವಿಭಕ್ತಿಗೆ ಸರಿದು, ಕ್ರಿಯಾಪದ ಅವರನ್ನು ಬಿಟ್ಟು ಹಸಿವಿನ ಜೊತೆ ಹೊಂದಿಕೊಂಡುಬಿಡುತ್ತದೆ. ಇಂಗ್ಲಿಷಿನಲ್ಲಿ ಹಸಿದವರು ಕರ್ತೃ, ಕನ್ನಡದಲ್ಲಿ ಹಸಿವೇ ಕರ್ತೃ. ಇಷ್ಟು ದೂರದ ಎರಡು ವ್ಯವಸ್ಥೆಗಳ ನಡುವೆ ಹುಡುಗಿ ದಿನಾ ಓಡಾಡುತ್ತಿದ್ದಾಳೆ. ಅವಳಿಗೆ ನಾವು ಕೊಟ್ಟಿರುವ ಬುತ್ತಿ ಒಂದು ಸಾಲಿನ ರೂಲು.

ಈ ಬಹುವಚನಕ್ಕೆ ಇನ್ನೊಂದು ಮುಖವಿದೆ. ಅದನ್ನು ಹೇಳದೆ ಇಲ್ಲಿಯವರೆಗೆ ಹೇಳಿದ್ದೆಲ್ಲ ಬರೀ ವ್ಯಾಕರಣದ ಕಸರತ್ತಾಗುತ್ತದೆ. ‘ಯಾರೋ ಬಂದಾರ’ ಎಂಬುದರ ಪಕ್ಕದಲ್ಲೇ ‘ಯಾವನೋ ಬಂದಾನ’ ಎಂಬುದೂ ನಮ್ಮಲ್ಲಿದೆ. ವ್ಯತ್ಯಾಸ ಎಣಿಕೆಯದ್ದಲ್ಲ. ಎಪ್ಪತ್ತು ದಾಟಿದ ಕೂಲಿಯಾಳು ಅಂಗಳಕ್ಕೆ ಬಂದರೆ ಹತ್ತು ವರ್ಷದ ಗೌಡರ ಮನೆ ಹುಡುಗ ‘ಬಂದಾನ’ ಎನ್ನುವುದನ್ನೂ, ಅದೇ ಹುಡುಗನ ಬಗ್ಗೆ ಆ ಮುದುಕ ‘ಬಂದಾರ’ ಎನ್ನುವುದನ್ನೂ ಕೇಳಿ ಬೆಳೆದವಳು ನಾನು. ಯಾರಿಗೆ ಏಕವಚನ, ಯಾರಿಗೆ ಬಹುವಚನ ಎಂಬುದನ್ನು ಊರಿನಲ್ಲಿ ಜಾತಿ ತೀರ್ಮಾನಿಸುತ್ತಿತ್ತು, ಎಷ್ಟೋ ಕಡೆ ಇಂದಿಗೂ ತೀರ್ಮಾನಿಸುತ್ತದೆ. ಆ ಒಂದು ‘ಆರ’ ಪ್ರತ್ಯಯಕ್ಕಾಗಿ ಜಗಳಗಳಾಗಿವೆ. ಓದಿ ನೌಕರಿ ಹಿಡಿದು ಊರಿಗೆ ಬಂದ ಮಗನಿಗೆ ಬಹುವಚನ, ಹೊಲದಲ್ಲೇ ಉಳಿದ ಅವನ ತಂದೆಗೆ ಏಕವಚನ ಎಂಬ ವಿಚಿತ್ರವೂ ಉಂಟು.

‘ಹ್ಯಾಸ್’ ಎಂಬುದನ್ನು ಗುರುತು ಹಾಕುವಾಗ ಹುಡುಗಿ ಇದನ್ನೆಲ್ಲ ಯೋಚಿಸುತ್ತಾಳೆ ಎಂದು ನಾನು ಹೇಳುತ್ತಿಲ್ಲ. ಭಾಷೆ ಹಾಗೆ ಯೋಚಿಸಿ ಬರುವಂಥದ್ದಲ್ಲ. ಆದರೆ ಗೊತ್ತಿಲ್ಲದ ಮನುಷ್ಯರಿಗೆ, ಹಿರಿಯರಿಗೆ, ಒಟ್ಟು ಜನಕ್ಕೆ ಬಹುವಚನ ಕೊಡುವುದು ಅವಳ ನಾಲಿಗೆಯ ಸಂಸ್ಕಾರ. ‘ಹೆಡ್‌ಮಾಸ್ಟರ್ ಹ್ಯಾವ್ ಕಮ್’ ಎಂದು ಬರೆಯುವ ಮಕ್ಕಳು ಸಿಗುವುದು ಇದೇ ಕಾರಣಕ್ಕೆ. ಹೆಡ್‌ಮಾಸ್ಟರು ಒಬ್ಬರೇ ಎಂದು ಅವರಿಗೆ ಎಣಿಸಲು ಬರುವುದಿಲ್ಲವೇ? ಕೆಂಪು ಶಾಯಿ ಮಾತ್ರ ಅದನ್ನು ಲೆಕ್ಕ ಬಾರದವರ ತಪ್ಪು ಎಂಬಂತೆ ಗುಂಡು ಸುತ್ತುತ್ತದೆ.

ಈಗ ಇಂಗ್ಲಿಷಿನ ಮನೆಗೆ ಹೋಗೋಣ. ಅಲ್ಲಿ ಎಲ್ಲ ಒಪ್ಪವಾಗಿ, ತರ್ಕಬದ್ಧವಾಗಿ ಇದೆ ಎಂಬ ನಂಬಿಕೆಯೇ ನಮ್ಮ ಕೀಳರಿಮೆಯ ಅರ್ಧ ಭಾಗ. ‘ಎವ್ರಿಬಡಿ ಈಸ್ ಹಿಯರ್’ ಎಂಬ ವಾಕ್ಯಕ್ಕೆ ಕ್ವೆಶ್ಚನ್ ಟ್ಯಾಗ್ ಹಚ್ಚಿ ಎಂದರೆ ಸರಿಯುತ್ತರ ಯಾವುದು? ‘ಆರಂಟ್ ದೇ?’ ಅದೇ ಇಂಗ್ಲಿಷ್, ಅದೇ ವಾಕ್ಯ. ಅಲ್ಪವಿರಾಮದ ಎಡಕ್ಕೆ ಏಕವಚನ, ಬಲಕ್ಕೆ ಬಹುವಚನ. ‘ನೋಬಡಿ ಕೇಮ್, ಡಿಡ್ ದೇ?’ ಎಂಬುದೂ ಹಾಗೆಯೇ. ಒಂದೇ ವ್ಯಾಕರಣ ಪುಸ್ತಕದ ಒಂದು ಅಧ್ಯಾಯ ‘ಎವ್ರಿಬಡಿ ಏಕವಚನ’ ಎಂದರೆ ಇನ್ನೊಂದು ಅಧ್ಯಾಯ ‘ಟ್ಯಾಗಿನಲ್ಲಿ ದೇ ಹಾಕು’ ಎನ್ನುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ‘ಯಾಕೆ ಹೀಗೆ?’ ಎಂದು ಕೇಳಿದ ಒಂದು ಪಾಠವನ್ನೂ ನಾನು ನೋಡಿಲ್ಲ. ಕೇಳಿದ್ದರೆ ಉತ್ತರ ಸರಳವಾಗಿತ್ತು: ಎವ್ರಿಬಡಿ ರೂಪದಲ್ಲಿ ಏಕವಚನ, ಅರ್ಥದಲ್ಲಿ ಬಹುವಚನ. ಪಕ್ಕದಲ್ಲೇ ಇರುವ ಕ್ರಿಯಾಪದ ರೂಪವನ್ನು ನೋಡುತ್ತದೆ, ದೂರ ಇರುವ ಸರ್ವನಾಮ ಅರ್ಥವನ್ನು ನೋಡುತ್ತದೆ. ಹುಡುಗಿಯ ಅನುಮಾನ ಇಂಗ್ಲಿಷ್ ಭಾಷೆಯೇ ತನ್ನ ಬಗ್ಗೆ ಪಟ್ಟಿರುವ ಅನುಮಾನ.

ಇಂಥದ್ದು ನಮ್ಮಲ್ಲೂ ಇದೆಯಲ್ಲ. ಜನ ಬಂತು, ಜನ ಬಂದರು. ಮಂದಿ ಕೂಡಿತು, ಮಂದಿ ಕೂಡಿದರು. ಎರಡನ್ನೂ ಹೇಳುತ್ತೇವೆ. ಗುಂಪನ್ನು ಒಂದು ರಾಶಿಯಾಗಿ ನೋಡಿದಾಗ ಒಂದು, ಮುಖಗಳಾಗಿ ನೋಡಿದಾಗ ಇನ್ನೊಂದು. ಬ್ರಿಟಿಷ್ ವೀಕ್ಷಕ ವಿವರಣೆಗಾರರು ‘ಇಂಡಿಯಾ ಹ್ಯಾವ್ ವನ್’ ಎನ್ನುವುದನ್ನು ಕ್ರಿಕೆಟ್ ನೋಡುವ ಯಾವ ಹುಡುಗನೂ ಕೇಳಿರುತ್ತಾನೆ. ಅಲ್ಲಿ ಅದು ಶೈಲಿ, ದೇವದುರ್ಗದಲ್ಲಿ ಅಜ್ಞಾನ. ‘ನನ್ ಆಫ್ ದೆಮ್’ ಮುಂದೆ ಈಸ್ ಬರಬೇಕೋ ಆರ್ ಬರಬೇಕೋ ಎಂದು ಇಂಗ್ಲಿಷರು ಇಂದಿಗೂ ಕಚ್ಚಾಡುತ್ತಾರೆ. ಆ ಪದದ ಮೂಲದಲ್ಲಿ ‘ಒಂದೂ ಇಲ್ಲ’ ಎಂಬ ಅರ್ಥವಿದೆ ನಿಜ, ಆದರೆ ಹಳೆಯ ಇಂಗ್ಲಿಷಿನ ಕಾಲದಿಂದಲೂ ಅದು ಎರಡೂ ವಚನಗಳಲ್ಲಿ ನಡೆದುಬಂದಿದೆ.

ಸರ್ವನಾಮದ ಚರಿತ್ರೆಯಂತೂ ಇನ್ನೂ ಚೆಂದ. ‘ಎವ್ರಿವನ್’, ‘ಎನಿವನ್’ ಪದಗಳನ್ನು ಮುಂದೆ ‘ದೆಯರ್’ ಎಂದು ಕರೆಯುವುದು ಶೇಕ್ಸ್‌ಪಿಯರ್‌ನಲ್ಲೂ ಇದೆ, ಜೇನ್ ಆಸ್ಟಿನ್‌ನಲ್ಲಿ ಧಾರಾಳವಾಗಿದೆ. ಅದನ್ನು ತಪ್ಪೆಂದು ಊರಿಗೆಲ್ಲ ಸಾರಿದವರು 18ನೇ ಶತಮಾನದ ವ್ಯಾಕರಣಕಾರರು. ಲಿಂಡ್ಲೆ ಮರ್ರಿ 1795ರಲ್ಲಿ ತನ್ನ ಹೆಸರಾಂತ ಇಂಗ್ಲಿಷ್ ವ್ಯಾಕರಣದಲ್ಲಿ ‘ಎನಿವನ್’ ಜೊತೆ ‘ದೆಯರ್’ ಬಂದ ವಾಕ್ಯವನ್ನು ತಪ್ಪಿನ ಮಾದರಿಯಾಗಿ ಕೊಟ್ಟು ‘ಹಿಸ್’ ಎಂದು ತಿದ್ದಿಸಿದ. ಆ ಪುಸ್ತಕವನ್ನು ಆತ ಬರೆದದ್ದು ಯಾರ್ಕ್ ನಗರದ ಒಂದು ಹೆಣ್ಣುಮಕ್ಕಳ ಶಾಲೆಗಾಗಿ ಎಂಬುದನ್ನು ನೆನಪಿಡಿ. ಇಡೀ ತರಗತಿ ಹುಡುಗಿಯರದು, ‘ಪ್ರತಿಯೊಬ್ಬರು’ ಮಾತ್ರ ಗಂಡಸು. 1850ರಲ್ಲಿ ಬ್ರಿಟಿಷ್ ಸಂಸತ್ತು ಕಾಯ್ದೆಗಳ ಭಾಷೆಯಲ್ಲಿ ಪುಲ್ಲಿಂಗ ಪದಗಳೊಳಗೆ ಹೆಂಗಸರೂ ಸೇರಿದ್ದಾರೆಂದು ಕಾನೂನನ್ನೇ ಮಾಡಿತು. ಆನ್ ಬೋಡಿನ್ ಎಂಬ ಭಾಷಾವಿಜ್ಞಾನಿ 1975ರ ಒಂದು ಲೇಖನದಲ್ಲಿ ಈ ನಿಯಮದ ಹಿಂದಿನ ಗಂಡಸುತನವನ್ನು ಎಳೆಎಳೆಯಾಗಿ ಬಿಡಿಸಿಟ್ಟರು. 2019ರಲ್ಲಿ ಅಮೆರಿಕದ ಮನೋವಿಜ್ಞಾನ ಸಂಘದ ಬರಹ ಕೈಪಿಡಿ, ಎಪಿಎ ಶೈಲಿಯ ಏಳನೇ ಆವೃತ್ತಿ, ಒಬ್ಬ ವ್ಯಕ್ತಿಗೆ ‘ದೇ’ ಬಳಸುವುದನ್ನು ಒಪ್ಪಿಕೊಂಡಿತು. ಅದೇ ವರ್ಷ ಮೆರಿಯಂ-ವೆಬ್‌ಸ್ಟರ್ ನಿಘಂಟು ‘ದೇ’ಯನ್ನೇ ವರ್ಷದ ಪದವಾಗಿ ಆರಿಸಿತು. ಗೊತ್ತಿಲ್ಲದ ಒಬ್ಬರನ್ನು ಬಹುವಚನದಲ್ಲಿ ಕರೆಯುವ ಸೌಜನ್ಯಕ್ಕೆ ಇಂಗ್ಲಿಷ್ ಇಷ್ಟೆಲ್ಲ ಸುತ್ತಿಕೊಂಡು ಮರಳಿ ಬಂದಾಗ, ನಮ್ಮ ಅಜ್ಜಿಯರು ‘ಯಾರೋ ಬಂದಾರ, ನೋಡು ಹೋಗು’ ಎನ್ನುತ್ತ ಕೂತೇ ಇದ್ದರು.

ನಮ್ಮ ದೇಶದ ಕಾನೂನಿಗೂ ಇದರಲ್ಲೊಂದು ಪಾತ್ರವಿದೆ. 1897ರ ಜನರಲ್ ಕ್ಲಾಸಸ್ ಕಾಯ್ದೆಯ 13ನೇ ಕಲಮಿನ ಪ್ರಕಾರ ಕೇಂದ್ರದ ಕಾಯ್ದೆಗಳಲ್ಲಿ ಏಕವಚನದಲ್ಲಿರುವ ಪದಗಳು ಬಹುವಚನವನ್ನೂ, ಬಹುವಚನದಲ್ಲಿರುವವು ಏಕವಚನವನ್ನೂ ಒಳಗೊಳ್ಳುತ್ತವೆ, ಸಂದರ್ಭ ಅಡ್ಡಬರದಿದ್ದರೆ. ಅಂದರೆ ಹ್ಯಾಸ್-ಹ್ಯಾವ್ ತಪ್ಪಿದ್ದಕ್ಕೆ ಅಂಕ ಕಳೆದುಕೊಂಡು ಹೊರಗುಳಿದವಳು, ಒಳಗೆ ಹೋಗಿದ್ದರೆ ಕೈಯಲ್ಲಿ ಹಿಡಿಯುತ್ತಿದ್ದ ಕಾಯ್ದೆ ಪುಸ್ತಕ ಏಕವಚನ ಬಹುವಚನ ಎರಡೂ ಒಂದೇ ಎನ್ನುತ್ತದೆ! ಕಾನೂನಿನ ಅರ್ಥನಿರ್ಣಯ ಬೇರೆ, ವಾಕ್ಯರಚನೆ ಬೇರೆ ಎಂದು ಗೊತ್ತು. ಆದರೂ ನಗು ಬರದೇ ಇರುತ್ತದೆಯೇ?

ನಮ್ಮ ಸೀಮೆಗೆ ಈ ನಿಯಮಗಳು ತಲುಪಿದ್ದು ಬಹುಪಾಲು ರೆನ್ ಮತ್ತು ಮಾರ್ಟಿನ್ ಮೂಲಕ. 1930ರ ದಶಕದಲ್ಲಿ ಬಂದ ಆ ದಪ್ಪ ಪುಸ್ತಕದ ಪಿ.ಸಿ. ರೆನ್ ಭಾರತದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದ ಇಂಗ್ಲಿಷಿನವರು, ವಿದೇಶಿ ದಂಡಿನ ಸಾಹಸದ ಕಥೆ ಹೇಳುವ ‘ಬೋ ಜೆಸ್ಟ್’ ಕಾದಂಬರಿ ಬರೆದವರು. ಪುಸ್ತಕದ ಮೇಲೆ ನನಗೆ ದ್ವೇಷವಿಲ್ಲ, ಒಂದು ಪ್ರತಿ ನನ್ನ ಮೇಜಿನ ಮೇಲೂ ಇದೆ. ಆದರೆ ಅದರ ಲೇಖಕರು ಮಸರಕಲ್ಲಿನ ಹುಡುಗಿಯ ತಲೆಯಲ್ಲಿ ಮೊದಲೇ ಒಂದು ವ್ಯವಸ್ಥೆ ಇದೆ ಎಂದು ಎಣಿಸಿ ಬರೆದವರಲ್ಲ. ಆ ಎಣಿಕೆ ಮಾಡಬೇಕಾದವರು ನಾವು. ಸುಮಾರು ತೊಂಬತ್ತು ವರ್ಷ ಕಳೆದರೂ ಮಾಡಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ವಿಚಾರಸಂಕಿರಣದಲ್ಲಿ ದೇವದುರ್ಗ ಕಡೆಯ ಗೆಳೆಯನೊಬ್ಬ ತತ್ವಪದ ಹಾಡುವವರ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಓದಿದ. ಮ್ಯಾಳಗಳ ಜೊತೆ ರಾತ್ರಿಯಿಡೀ ಕೂತು, ಊರೂರು ತಿರುಗಿ ಕಲೆಹಾಕಿದ ಕೆಲಸ. ಮುಗಿದ ಮೇಲೆ ಹಿರಿಯ ಪ್ರಾಧ್ಯಾಪಕರೊಬ್ಬರು ಎದ್ದು, ‘ಈಚ್ ಆಫ್ ದಿ ಸಿಂಗರ್ಸ್’ ಆದ ಮೇಲೆ ‘ಹ್ಯಾವ್’ ಬರುವುದಿಲ್ಲ ಎಂದು ತಿಳಿಸಿ ಕೂತರು. ಸಭೆ ನಕ್ಕಿತು. ತತ್ವಪದದ ಬಗ್ಗೆ ಒಂದೇ ಒಂದು ಪ್ರಶ್ನೆ ಬರಲಿಲ್ಲ. ಅವನು ಆಮೇಲೆ ಇಂಗ್ಲಿಷಿನಲ್ಲಿ ಪ್ರಬಂಧ ಓದಿದ್ದನ್ನು ನಾನು ಕಂಡಿಲ್ಲ. ಅಂದು ಆ ಸಭೆ ಕಳೆದುಕೊಂಡದ್ದು ಎಷ್ಟು ಎಂದು ಆ ಪ್ರಾಧ್ಯಾಪಕರಿಗೆ ಎಂದೂ ಗೊತ್ತಾಗುವುದಿಲ್ಲ.

ಇಂಥವರನ್ನು ಎದುರಿಸಲು ಇನ್ನೊಂದು ಗುಂಪಿದೆ. ಅವರು ನನ್ನ ಮಾತಿಗೆ ಉತ್ಸಾಹದಿಂದ ತಲೆಯಾಡಿಸಿ, ‘ಹೌದು, ಇಂಡಿಯನ್ ಇಂಗ್ಲಿಷ್ ಎಂಬುದೇ ಒಂದು ಭಾಷೆ, ಎವ್ರಿಬಡಿ ಹ್ಯಾವ್ ಎಂದರೆ ತಪ್ಪೇನು, ನಿಯಮವೇ ವಸಾಹತುಶಾಹಿ’ ಎನ್ನುತ್ತಾರೆ. ಬ್ರಜ್ ಕಚ್ರು ಅವರ ಹೆಸರೂ ಬರುತ್ತದೆ. ಇವರ ಮೇಲೆ ನನಗೆ ಮೊದಲಿನವರಿಗಿಂತ ಹೆಚ್ಚು ಸಿಟ್ಟು. ಹೀಗೆ ಹೇಳುವವರ ಸ್ವಂತ ಬರಹದಲ್ಲಿ ಒಂದು ‘ಹ್ಯಾಸ್’ ಕೂಡ ಜಾಗ ತಪ್ಪಿರುವುದಿಲ್ಲ. ಅವರ ಮಕ್ಕಳು ಆ ಅರ್ಧ ಅಂಕ ಕಳೆದುಕೊಳ್ಳುವುದಿಲ್ಲ. ನಿಯಮ ಬಲ್ಲವರು ನಿಯಮ ಮುರಿದರೆ ಅದು ನಿಲುವು, ನಿಯಮವನ್ನೇ ಹೇಳಿಕೊಡದ ಹುಡುಗಿಗೆ ಅದನ್ನು ಮುರಿಯುವ ಸ್ವಾತಂತ್ರ್ಯ ಕೊಟ್ಟರೆ ಅದು ಮೋಸ. ಅವಳಿಗೆ ಬೇಕಾಗಿರುವುದು ‘ಹ್ಯಾಸ್’. ಅದನ್ನು ಅವಳ ಮರ್ಯಾದೆ ಕಳೆಯದೆ, ಅವಳ ಬುದ್ಧಿಯನ್ನು ಬಳಸಿಕೊಂಡು ಕೊಡಿ ಎಂಬುದಷ್ಟೇ ನನ್ನ ಬೇಡಿಕೆ. ಕನ್ನಡ ಉಳಿಯಬೇಕಾದರೆ ಇಂಗ್ಲಿಷ್ ಕಲಿಸುವುದನ್ನೇ ಬಿಡಿ ಎನ್ನುವ ಮೂರನೆಯವರ ಜೊತೆ ವಾದಕ್ಕೆ ಇಳಿಯುವುದಿಲ್ಲ. ಅವರ ಮಕ್ಕಳು ಓದುವ ಶಾಲೆಯ ಹೆಸರು ಕೇಳಿದರೆ ಸಾಕು.

ಕೊಡುವುದು ಹೇಗೆ? ನಮ್ಮ ಸೀಮೆಗೆ ಈ ವಿಷಯದಲ್ಲಿ ಬೆಂಗಳೂರಿಗಿಲ್ಲದ ಒಂದು ಅನುಕೂಲವಿದೆ. 1948ರವರೆಗೆ ಇದು ನಿಜಾಮರ ಹೈದರಾಬಾದ್ ಸಂಸ್ಥಾನ, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ನಮ್ಮ ಅಜ್ಜಂದಿರ ಕಾಲದ ಓದು, ಕಚೇರಿ, ಕೋರ್ಟು ಎಲ್ಲ ಉರ್ದುವಿನದು. ಉರ್ದು ಬಲ್ಲ ಶಾಂತರಸರಂಥವರು ಇದೇ ನೆಲದಲ್ಲಿದ್ದರಿಂದ ಕನ್ನಡಕ್ಕೆ ಗಜಲ್ ಬಂತು. ಪಕ್ಕದಲ್ಲೇ ತೆಲಂಗಾಣ, ಆಂಧ್ರದ ಗಡಿ. ರಾಯಚೂರಿನ ಸಂತೆಯಲ್ಲಿ ಒಂದು ತಾಸು ನಿಂತರೆ ಮೂರು ಭಾಷೆ ಕಿವಿಗೆ ಬೀಳುತ್ತವೆ. ಈಗ ಮೂರರಲ್ಲೂ ಒಂದೇ ಮಾತನ್ನು ಕೇಳಿ. ಕನ್ನಡದಲ್ಲಿ ‘ಯಾರೋ ಬಂದಾರ’. ತೆಲುಗಿನಲ್ಲಿ ‘ಎವರೋ ವಚ್ಚಾರು’. ಎರಡೂ ಬಹುವಚನ. ಉರ್ದುವಿನಲ್ಲಿ? ‘ಕೋಯಿ ಆಯಾ ಹೈ’. ಏಕವಚನ. ‘ಸಮ್‌ಬಡಿ ಹ್ಯಾಸ್ ಕಮ್’ ಎಂಬುದರ ಅಚ್ಚು ಅಲ್ಲೇ ಇದೆ. ‘ಕೋಯಿ ಆಯೇ ಹೈಂ’ ಎಂದರೆ ಕಿವಿಗೆ ಹೇಗೆ ಕೇಳುತ್ತದೋ, ಇಂಗ್ಲಿಷರ ಕಿವಿಗೆ ‘ಸಮ್‌ಬಡಿ ಹ್ಯಾವ್’ ಹಾಗೆ ಕೇಳುತ್ತದೆ.

ಊರಿನಲ್ಲಿ ಬೇಸಿಗೆಯಲ್ಲಿ ಏಳೆಂಟು ಮಕ್ಕಳಿಗೆ ಹೇಳಿಕೊಡುವಾಗ ನಾನು ಬೋರ್ಡಿನ ಮೇಲೆ ಮೊದಲು ಬರೆದದ್ದು ಈ ಮೂರು ವಾಕ್ಯಗಳನ್ನು. ಮನೆಯಲ್ಲಿ ಉರ್ದು ಮಾತಾಡುವ ಹುಡುಗನೊಬ್ಬ, ಇಂಗ್ಲಿಷ್ ಎಂದರೆ ಹಿಂದಿನ ಸಾಲಿಗೆ ಸರಿಯುವವನು, ಅಂದು ಎದ್ದು ನಿಂತು ಉಳಿದವರಿಗೆ ‘ಕೋಯಿ’ ಹೇಗೆ ನಡೆಯುತ್ತದೆ ಎಂದು ತಾನೇ ಹೇಳಿದ. ಆಮೇಲೆ ‘ಸಬ್ ಆಯೇ ಹೈಂ’ ಎಂಬಲ್ಲಿ ಬಹುವಚನ ಬರುತ್ತದೆ, ‘ಹರ್ ಕೋಯಿ’ ಎಂಬಲ್ಲಿ ಏಕವಚನ ಬರುತ್ತದೆ ಎಂಬುದನ್ನು ಮಕ್ಕಳೇ ಕಂಡುಕೊಂಡರು. ‘ಆಲ್’ ಮತ್ತು ‘ಎವ್ರಿಬಡಿ’ ನಡುವಿನ ವ್ಯತ್ಯಾಸ ಅಷ್ಟೇ ಎಂದು ಹೇಳುವುದು ಮಾತ್ರ ನನ್ನ ಪಾಲಿಗೆ ಉಳಿಯಿತು. ಕನ್ನಡ ಕಲಿಕೆಗೆ ಅಡ್ಡಿ, ಉರ್ದು ಕಲಿಕೆಗೆ ಅಡ್ಡಿ ಎಂದು ತರಗತಿಯ ಹೊರಗೆ ಚಪ್ಪಲಿಯ ಜೊತೆ ಬಿಡಿಸುವ ಭಾಷೆಗಳು ಮಾಡುವ ಕೆಲಸವಿದು.

ಇದಕ್ಕೆ ಸ್ಮಾರ್ಟ್ ಕ್ಲಾಸು ಬೇಡ, ಹೊಸ ಯೋಜನೆ ಬೇಡ. ಆರನೇ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ ಒಂದು ಪುಟ ಸಾಕು. ಎಡಗಡೆ ಯಾರೋ, ಯಾರೂ, ಯಾರಾದರೂ, ಎಲ್ಲರೂ, ಪ್ರತಿಯೊಬ್ಬರೂ. ಬಲಗಡೆ ಅವುಗಳ ಇಂಗ್ಲಿಷ್ ರೂಪ. ನಡುವೆ, ಕನ್ನಡದಲ್ಲಿ ಕ್ರಿಯಾಪದ ಹೀಗೆ ಬರುತ್ತದೆ, ಇಂಗ್ಲಿಷಿನಲ್ಲಿ ಹೀಗೆ ಬರುತ್ತದೆ ಎಂಬ ನೇರ ಮಾತು. ಅದರ ಜೊತೆ ಕನ್ನಡ ವ್ಯಾಕರಣದ ಸರ್ವನಾಮದ ಪಾಠದಲ್ಲಿ ನಾಲ್ಕನೆಯದಾಗಿ ಅನಿರ್ದಿಷ್ಟಾರ್ಥಕ ಎಂಬ ಒಂದು ಬಗೆ. ಶಿಕ್ಷಕರ ತರಬೇತಿಯಲ್ಲಿ ಒಂದು ತಾಸು. ಪ್ರಶ್ನೆಪತ್ರಿಕೆ ತೆಗೆಯುವವರಿಗೆ ಒಂದು ವಿನಂತಿ: ‘ಎವ್ರಿಬಡಿ’ ಮುಂದೆ ಗೆರೆ ಎಳೆಯುವ ಬದಲು, ‘ಎವ್ರಿಬಡಿ ಈಸ್ ಹಿಯರ್, ಆರಂಟ್ ದೇ?’ ಎಂಬ ಇಡೀ ವಾಕ್ಯವನ್ನು ಕೊಟ್ಟು, ಇದರಲ್ಲಿ ಒಂದೇ ಪದವನ್ನು ಎರಡು ವಚನದಲ್ಲಿ ನೋಡಿರುವುದು ಯಾಕೆ ಎಂದು ಎರಡು ಸಾಲಿನಲ್ಲಿ ಬರೆಯಿರಿ ಎಂದು ಕೇಳಿ. ಕನ್ನಡದಲ್ಲಿ ಉತ್ತರಿಸಲೂ ಅವಕಾಶ ಕೊಡಿ. ಬಾಯಿಪಾಠ ಮಾಡಿದವರು ಅಲ್ಲಿ ತಡವರಿಸುತ್ತಾರೆ. ‘ಎಲ್ಲಾರೂ ಅಂದ್ರ ಬಾಳ ಮಂದಿ ಅಲ್ಲೇನು’ ಎಂದು ಕೇಳಿದವಳು ಬರೆಯುತ್ತಾಳೆ.